‘ಮನ್ಯಾಗ ಅದಾಳ್ರೀ’: ಎಸ್ಸೆಸ್ಸೆಲ್ಸಿ ಫೇಲಾಗಿ ಮನೆಯಲ್ಲೇ ಉಳಿದ ಒಬ್ಬ ಹುಡುಗಿಯ ಪ್ರಕರಣ

ನಮ್ಮ ಕಡೆ ಯಾರ ಮನೆಗಾದರೂ ಹೋಗಿ ಮಗ ಏನು ಮಾಡುತ್ತಿದ್ದಾನೆ ಅಂತ ಕೇಳಿದರೆ ಏನಾದರೊಂದು ಉತ್ತರ ಬರುತ್ತದೆ. ಹುಬ್ಬಳ್ಳಿಗೆ ಹೋಗಿದ್ದಾನೆ, ಗ್ಯಾರೇಜಿನಲ್ಲಿದ್ದಾನೆ, ಇಲ್ಲವೇ ಸುಮ್ನೆ ಬೀದಿ ಸುತ್ತುತ್ತಾನೆ ಅಂತ ಬೈಗುಳವಾದರೂ ಬರುತ್ತದೆ. ಮಗಳ ಬಗ್ಗೆ ಕೇಳಿ ನೋಡಿ. "ಮನ್ಯಾಗ ಅದಾಳ್ರೀ." ಅಷ್ಟೇ. ಆ ಮಾತು ಬಂದ ಮೇಲೆ ಮುಂದೆ ಕೇಳುವುದಕ್ಕೆ ಏನೂ ಇಲ್ಲ ಅನ್ನಿಸಿಬಿಡುತ್ತದೆ. ಮನೆಯಲ್ಲಿದ್ದಾಳೆ ಅಂದರೆ ಕ್ಷೇಮವಾಗಿದ್ದಾಳೆ, ಎಲ್ಲೂ ತಪ್ಪಿಹೋಗಿಲ್ಲ ಅಂತ ತಾನೇ?

ನಾನು ಹಾವೇರಿ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಮೇಲ್ವಿಚಾರಕಿ. ಮೊದಲು ಇದನ್ನೇ ಪಂಚಾಯಿತಿ ಗ್ರಂಥಾಲಯ ಅನ್ನುತ್ತಿದ್ದರು. ಪುಸ್ತಕ ಕೊಡುವುದು, ಪೇಪರ್ ಜೋಡಿಸುವುದು, ಒಂದು ಕಂಪ್ಯೂಟರ್ ಇದೆ, ಮಕ್ಕಳಿಗೆ ಅದನ್ನು ತೋರಿಸುವುದು, ಇಷ್ಟು ಕೆಲಸ. ಶಾಲೆ ಬಿಟ್ಟ ಮಕ್ಕಳ ಪಟ್ಟಿ ಮಾಡುವಾಗ ನಮ್ಮನ್ನೂ ಮನೆ ಮನೆಗೆ ಕಳಿಸುತ್ತಾರೆ. 2023ರಲ್ಲಿ ಹಾಗೆ ಹೋದಾಗ ಈ ಹುಡುಗಿಯ ಮನೆಯಲ್ಲೂ ಇದೇ ಉತ್ತರ ಸಿಕ್ಕಿತು, ನಾನೂ ಮುಂದಿನ ಮನೆಗೆ ಹೋದೆ. ಆಗ ಅವಳಿಗೆ ಹದಿನೇಳು. ಅವಳ ಹೆಸರು, ಊರು ಇಲ್ಲಿ ಬರೆಯುತ್ತಿಲ್ಲ. ಬರೆಯಲಾ ಅಂತ ಕೇಳಿದಾಗ, ಹೆಸರು ಬಿಟ್ಟು ಉಳಿದದ್ದೆಲ್ಲ ಬರೀರಿ ಅಂದಳು.

ಅವಳು ನನ್ನ ಪಟ್ಟಿಗೆ ಯಾಕೆ ಬರಲಿಲ್ಲ ಅನ್ನುವುದನ್ನು ಮೊದಲು ಹೇಳಬೇಕು. ಶಿಕ್ಷಣ ಹಕ್ಕು ಕಾಯ್ದೆ ನೋಡುವುದು 6ರಿಂದ 14 ವರ್ಷದವರನ್ನು. ಇವಳು ಆ ವಯಸ್ಸು ದಾಟಿದ್ದಳು. ಅದೂ ಅಲ್ಲದೆ ಇವಳು ಶಾಲೆ ಬಿಟ್ಟವಳೇ ಅಲ್ಲ. ಹತ್ತನೇ ಕ್ಲಾಸು ಪೂರ್ತಿ ಮುಗಿಸಿ ಪರೀಕ್ಷೆ ಬರೆದು ಫೇಲಾದವಳು. ಶಾಲೆಯ ಹಾಜರಿ ಪುಸ್ತಕದಲ್ಲಿ ಅವಳ ಲೆಕ್ಕ ಸರಿಯಾಗಿ ಮುಗಿದಿದೆ. ಕಾಲೇಜಿನ ಪುಸ್ತಕದಲ್ಲಿ ಶುರುವೇ ಆಗಿಲ್ಲ. ಯುವನಿಧಿ ಥರದ ಯೋಜನೆ ಇದೆಯಲ್ಲ, ಅದು ಡಿಗ್ರಿ ಮುಗಿಸಿ ಕೆಲಸ ಸಿಗದವರಿಗೆ ತಿಂಗಳಿಗೆ 3000, ಡಿಪ್ಲೊಮಾ ಆಗಿ ಕೆಲಸ ಸಿಗದವರಿಗೆ 1500. ಒಳ್ಳೆಯದೇ. ಆದರೆ ಅದು ಶುರುವಾಗುವುದೇ ಇವಳಿಗಿಂತ ಎಷ್ಟೋ ಮೆಟ್ಟಿಲು ಮೇಲೆ. ಹತ್ತನೇ ಕ್ಲಾಸು ಮತ್ತು ಅದರ ಮುಂದಿನ ಬಾಗಿಲಿನ ನಡುವಿನ ಜಾಗದಲ್ಲಿ ನಿಂತವರನ್ನು ಎಣಿಸುವ ಕೆಲಸ ಯಾರಿಗಾದರೂ ವಹಿಸಿದ್ದನ್ನು ನಾನು ಕಂಡಿಲ್ಲ.

ಇದು ನಮ್ಮೂರಿನ ಮಾತಷ್ಟೇ ಅಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2024ರಲ್ಲಿ ತಂದ ಭಾರತದ ಉದ್ಯೋಗ ವರದಿಯಲ್ಲಿ 2022ರ ಒಂದು ಲೆಕ್ಕವಿದೆ. ಓದೂ ಇಲ್ಲ, ಕೆಲಸವೂ ಇಲ್ಲ, ತರಬೇತಿಯೂ ಇಲ್ಲ ಅನ್ನುವ ಯುವಕರು ಶೇ. 9.8. ಯುವತಿಯರು ಶೇ. 48.4. ಹೆಚ್ಚು ಕಡಿಮೆ ಇಬ್ಬರಲ್ಲಿ ಒಬ್ಬಳು. ದಾರಿ ತಪ್ಪಿದ ಯುವಜನ ಅಂದ ಕೂಡಲೇ ನಮಗೆ ಕಟ್ಟೆ ಮೇಲೆ ಕೂತ ಹುಡುಗರು ನೆನಪಾಗುತ್ತಾರೆ. ಕಣ್ಣಿಗೆ ಬೀಳುವವರು ಅವರು ಅಂತ. ಅಡುಗೆಮನೆಯಲ್ಲಿರುವವಳು ಕಣ್ಣಿಗೆ ಬೀಳುವುದಿಲ್ಲ.

ಫೇಲಾದದ್ದು ಹೇಗೆ

2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿದಾಗ ಅವಳು ಎಂಟನೇ ಕ್ಲಾಸಿನ ಕೊನೆಯಲ್ಲಿದ್ದಳು. ಒಂಬತ್ತನೇ ಕ್ಲಾಸು ಅನ್ನುವುದು ಅವಳ ಪಾಲಿಗೆ ನಡೆಯಲೇ ಇಲ್ಲ. ಗುಡಿಯ ಮುಂದೆ ಒಂದಷ್ಟು ದಿನ, ಮೇಷ್ಟ್ರುಗಳು ಊರೊಳಗೇ ಬಂದು ಪಾಠ ಮಾಡುವ ವಿದ್ಯಾಗಮ ನಡೆಯಿತು, ಅದೂ ನಿಂತಿತು. ಚಂದನದಲ್ಲಿ ಸಂವೇದ ಪಾಠ ಬರುತ್ತಿತ್ತು, ಮನೆಯಲ್ಲಿ ಟಿವಿ ಇತ್ತು, ಆದರೆ ಆ ಹೊತ್ತಿಗೆ ಅವಳು ಹೊಲದಲ್ಲಿರುತ್ತಿದ್ದಳು. ರಾಣೆಬೆನ್ನೂರು ಸುತ್ತಮುತ್ತ ಬೀಜೋತ್ಪಾದನೆ ಜಾಸ್ತಿ. ಬೆಂಡೆ, ಹತ್ತಿ, ಟೊಮೆಟೊ, ಮೆಣಸಿನಕಾಯಿ ಹೈಬ್ರಿಡ್ ಬೀಜಕ್ಕೆ ಹೂವಿನಿಂದ ಹೂವಿಗೆ ಕೈಯಿಂದಲೇ ಪರಾಗ ಮುಟ್ಟಿಸಬೇಕು. ಕ್ರಾಸಿಂಗ್ ಅನ್ನುತ್ತಾರೆ. ಸಂಜೆ, ನಾಳೆ ಅರಳಲಿರುವ ಮೊಗ್ಗನ್ನು ಹುಡುಕಿ ಅದರೊಳಗಿನ ಕೇಸರ ತೆಗೆಯಬೇಕು, ಬೆಳಿಗ್ಗೆ ಗಂಡು ಹೂ ತಂದು ಉಜ್ಜಬೇಕು. ಉಗುರು ಸ್ವಲ್ಪ ಜಾಸ್ತಿ ತಾಗಿದರೂ ಮೊಗ್ಗು ಹಾಳು. ಸಣ್ಣ ಕೈ, ತಾಳ್ಮೆ ಎರಡೂ ಬೇಕು ಅಂತ ಹುಡುಗಿಯರನ್ನೇ ಕರೆಯುತ್ತಾರೆ. ಶಾಲೆ ಮತ್ತೆ ತೆರೆದಾಗ ಅವಳು ಹತ್ತನೇ ಕ್ಲಾಸು. ಮಧ್ಯದ ಗಣಿತ ಮಾತ್ರ ಇಲ್ಲ.

2022ರ ಫಲಿತಾಂಶದಲ್ಲಿ ರಾಜ್ಯದಲ್ಲಿ ಪಾಸಾದವರು ಶೇ. 85.63. ಅವಳ ಕ್ಲಾಸಿನಲ್ಲಿ ಹೆಚ್ಚಿನವರೆಲ್ಲ ಪಾಸು. ಇವಳು ಗಣಿತ, ಇಂಗ್ಲಿಷ್ ಎರಡರಲ್ಲಿ ಫೇಲು. ಎಲ್ಲರೂ ಪಾಸಾಗುವ ವರ್ಷ ಫೇಲಾಗುವುದು ಬೇರೆಯೇ ಥರದ ನೋವು. ಪೂರಕ ಪರೀಕ್ಷೆಗೆ ಕಟ್ಟಲು ಅಪ್ಪ ಶಾಲೆಗೆ ಹೋದಾಗ ತಾರೀಕು ಮುಗಿದಿತ್ತು. ಹೊಳ್ಳಿ ಬಂದವರು ಮಗಳಿಗೆ ಏನೂ ಹೇಳಲಿಲ್ಲ. ಅವಳೂ ಕೇಳಲಿಲ್ಲ. ಆಮೇಲೆ ಎರಡು ವರ್ಷ ಆ ಮನೆಯಲ್ಲಿ ಆ ವಿಷಯ ಯಾರೂ ಎತ್ತಲಿಲ್ಲ. ಬೈದಿದ್ದರೆ ಏನಾದರೂ ಆಗುತ್ತಿತ್ತೋ ಏನೋ, ಬೈಯಲೂ ಇಲ್ಲ.

ಮೊದಲ ಸಲ ನಾವು ಕೆಡಿಸಿದ್ದು

2024ರ ಜನವರಿಯಲ್ಲಿ ಹತ್ತನೇ ಕ್ಲಾಸು ಫೇಲಾದವರ ಪಟ್ಟಿ ಮಾಡೋಣ ಅಂತ ನಾನೇ ಹಠ ಹಿಡಿದು, ಹೈಸ್ಕೂಲಿನಿಂದ ಹಳೇ ಹೆಸರುಗಳನ್ನು ಬರೆದುಕೊಂಡು ಬಂದೆ. ನಮ್ಮ ಪಂಚಾಯಿತಿ ಒಂದರಲ್ಲೇ ಹನ್ನೊಂದು ಹುಡುಗಿಯರು. ಸರಿ, ಹೋಗಿ ಮಾತಾಡೋಣ ಅಂತ ಒಟ್ಟು ಐದು ಜನ ಹೊರಟೆವು. ಒಬ್ಬರು ಪಂಚಾಯಿತಿ ಸದಸ್ಯರು, ಒಬ್ಬರು ಅಂಗನವಾಡಿ ಕಾರ್ಯಕರ್ತೆ, ಒಬ್ಬರು ಆಶಾ, ಒಬ್ಬರು ಶಾಲೆಯ ಕಡೆಯವರು, ಮತ್ತೆ ನಾನು. ಜನ ಜಾಸ್ತಿ ಇದ್ದರೆ ಮಾತಿಗೆ ತೂಕ ಬರುತ್ತದೆ ಅಂತ ನಾನು ಅಂದುಕೊಂಡಿದ್ದೆ.

ಐದು ಜನ ಒಟ್ಟಿಗೆ ಒಂದು ಹುಡುಗಿಯ ಮನೆ ಮುಂದೆ ನಿಂತರೆ ಓಣಿಯವರು ಏನು ಅಂದುಕೊಳ್ಳುತ್ತಾರೆ ಅನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಎದುರು ಮನೆಯವರು ಬಂದರು, ಪಕ್ಕದ ಮನೆಯವರು ಬಂದರು. ಏನಾಯ್ತಂತೆ, ಯಾರ ಜೊತೆಗಂತೆ ಅಂತ ಪಿಸುಮಾತು ಶುರುವಾಯಿತು. ನಮ್ಮಲ್ಲಿ ಒಬ್ಬರು ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ಹತ್ತು ನಿಮಿಷ ಮಾತಾಡಿದರು. ಅಪ್ಪ ತಲೆ ಬಗ್ಗಿಸಿ ಕೇಳಿದರು. ಹುಡುಗಿ ಒಳಗಿನಿಂದ ಹೊರಗೆ ಬರಲೇ ಇಲ್ಲ. ಆಮೇಲೆ ತಿಂಗಳು ಕಳೆದರೂ ಅವಳು ನೀರಿಗೂ ಹೊರಗೆ ಬರಲಿಲ್ಲ, ಅಮ್ಮನೇ ಕೊಡ ಹೊತ್ತರು. ಆ ಹೊತ್ತಿಗೇ ದಾವಣಗೆರೆ ಕಡೆಯಿಂದ ಒಂದು ಸಂಬಂಧದ ಮಾತು ಎದ್ದಿತು. ನಾವು ಹೋದದ್ದರಿಂದಲೇ ಎದ್ದಿತು ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ. ಊರಿನ ಬಾಯಿಗೆ ಬೀಳುವ ಮೊದಲು ಮದುವೆ ಮಾಡಿಬಿಡೋಣ ಅಂತ ಅಪ್ಪ ಅಂದುಕೊಂಡರೆ ಅದರಲ್ಲಿ ಆಶ್ಚರ್ಯವೇನಿಲ್ಲ.

ಈ ಕೆಲಸ ಮಾಡುವ ಬೇರೆಯವರಿಗೆ ನಾನು ಹೇಳುವುದು ಇದನ್ನೇ. ಗುಂಪು ಕಟ್ಟಿಕೊಂಡು ಹೋಗಬೇಡಿ. ಒಬ್ಬರೇ ಹೋಗಿ, ಹೆಣ್ಣುಮಗಳಾದರೆ ಇನ್ನೂ ಒಳ್ಳೆಯದು, ಬೇರೆ ಏನಾದರೂ ಕೆಲಸದ ನೆಪ ಇಟ್ಟುಕೊಂಡು ಹೋಗಿ.

ಗೃಹಲಕ್ಷ್ಮಿಯ ಸಾಲು

ಜೂನ್ 2024. ಗೃಹಲಕ್ಷ್ಮಿ ದುಡ್ಡು ಯಾಕೆ ಬಂದಿಲ್ಲ ಅಂತ ನೋಡಿಸಲು ಹೆಂಗಸರು ಪಂಚಾಯಿತಿಗೆ ಬರುತ್ತಿದ್ದರು. ಕೆಲವರದು ಆಧಾರ್ ಬ್ಯಾಂಕಿಗೆ ಜೋಡಣೆ ಆಗಿಲ್ಲ, ಕೆಲವರದು ರೇಷನ್ ಕಾರ್ಡಿನಲ್ಲಿ ಹೆಸರು ಬೇರೆ. ಸೇವಾ ಕೇಂದ್ರದ ಮುಂದೆ ಜಾಗ ಸಾಲದೆ ಸಾಲು ನಮ್ಮ ಕೇಂದ್ರದ ಬಾಗಿಲಿಗೆ ಬಂದಿತ್ತು. ಅದರಲ್ಲಿ ಆ ಹುಡುಗಿಯ ಅಮ್ಮ. ಅವರಿಗೆ ಓದಲು ಬರುವುದಿಲ್ಲ, ಅದಕ್ಕೆ ಮಗಳನ್ನು ಕರೆದುಕೊಂಡು ಬಂದಿದ್ದರು.

ನಾನು ಒಳಗೆ ಕೂತು ನೋಡುತ್ತಿದ್ದೆ. ಅವಳು ಅಮ್ಮನ ಅರ್ಜಿ ತುಂಬಿದಳು. ಪಕ್ಕದ ಅಜ್ಜಿ ತನ್ನದನ್ನೂ ಕೊಟ್ಟರು, ಅದನ್ನೂ ತುಂಬಿದಳು. ಮೂರನೆಯವರದನ್ನು ತುಂಬುವಾಗ ನಿಲ್ಲಿಸಿ, ಪಾಸ್‌ಬುಕ್ಕನ್ನೂ ಆಧಾರ್ ಕಾರ್ಡನ್ನೂ ಅಕ್ಕಪಕ್ಕ ಇಟ್ಟು, ಬೆರಳಿಟ್ಟು ಒಂದೊಂದೇ ಅಕ್ಷರ ಹೋಲಿಸಿ, "ಅಕ್ಕಾರ, ಇದ್ರಾಗ ಹೆಸರು ತಪ್ಪೈತ್ರೀ, ಹಿಂಗ ಕೊಟ್ರ ಮತ್ತ ವಾಪಸ್ ಬರತೈತಿ" ಅಂದಳು. ಅಷ್ಟು ಹೊತ್ತಿಗೆ ಐದು ಜನ ಅವಳ ಸುತ್ತ ನಿಂತಿದ್ದರು. ಅಕ್ಷರ ಮುತ್ತು ಪೋಣಿಸಿದ ಹಾಗೆ. ಇಂಗ್ಲಿಷಿನಲ್ಲಿ ಫೇಲಾದವಳು ಬ್ಯಾಂಕಿನ ಇಂಗ್ಲಿಷ್ ಅರ್ಜಿಯನ್ನು ಯಾರನ್ನೂ ಕೇಳದೆ ತುಂಬುತ್ತಿದ್ದಳು.

ಅವತ್ತು ನಾನು ಓದಿನ ಮಾತು ಎತ್ತಲಿಲ್ಲ. ನನಗೊಬ್ಬಳಿಗೇ ಆಗುತ್ತಿಲ್ಲ, ದಿನಾ ಮಧ್ಯಾಹ್ನ ಎರಡು ತಾಸು ಬಂದು ಹೀಗೆ ಅರ್ಜಿ ಬರೆದುಕೊಡುತ್ತೀಯಾ ಅಂತಷ್ಟೇ ಕೇಳಿದೆ. ಅಮ್ಮ ಒಪ್ಪಿದರು. ಅಲ್ಲಿ ಬರುವವರೆಲ್ಲ ಹೆಂಗಸರೇ, ಪಂಚಾಯಿತಿ ಕಟ್ಟಡ, ಮನೆಯಿಂದ ನಾಲ್ಕು ಹೆಜ್ಜೆ. ಮೂರು ವಾರ ಬಂದಳು. ಆ ಮೂರು ವಾರದಲ್ಲಿ ಊರಿನಲ್ಲಿ ಅವಳನ್ನು ಕರೆಯುವ ರೀತಿಯೇ ಬದಲಾಯಿತು. ಫೇಲಾದಾಕಿ ಅನ್ನುತ್ತಿದ್ದವರು "ಅರ್ಜಿ ಬರಿಯಾಕಿ" ಅನ್ನತೊಡಗಿದರು. ನನ್ನ ಲೆಕ್ಕದಲ್ಲಿ ಈ ಪ್ರಕರಣದ ತಿರುವು ಇದೇ, ಪರೀಕ್ಷೆಯಲ್ಲ.

ನಾಲ್ಕನೇ ವಾರ ಅವಳೇ ಕೇಳಿದಳು. "ಅಕ್ಕಾರ, ಮೂರು ವರ್ಷದ ಮ್ಯಾಲ ಪರೀಕ್ಷಾ ಕಟ್ಟಾಕ ಬರತೈತೇನ್ರೀ?" ಲೆಕ್ಕ ಹಾಕಿದರೆ ಆಗ ಎರಡೇ ವರ್ಷ ಆಗಿತ್ತು. ಅವಳಿಗೆ ಮೂರು ಅನ್ನಿಸಿತ್ತು.

ಯಾವ ದಾರಿ ಅನ್ನುವ ಲೆಕ್ಕ

ಇಲ್ಲಿ ನಾನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕಂದರೆ ತಪ್ಪು ದಾರಿ ತೋರಿಸಿದರೆ ಮತ್ತೆ ಎರಡು ವರ್ಷ ಹೋಗುತ್ತದೆ. ಮುಂದೆ ಮೂರು ದಾರಿ ಇದ್ದವು. ಒಂದು, ಫೇಲಾದದ್ದನ್ನು ಹಾಗೇ ಬಿಟ್ಟು ಎಂಟನೇ ಕ್ಲಾಸಿನ ಮೇಲೆ ಸಿಗುವ ಐಟಿಐ ಟ್ರೇಡು ಸೇರುವುದು. ಹೊಲಿಗೆ, ವೈರ್‌ಮನ್, ವೆಲ್ಡರ್ ಇವಕ್ಕೆ ಹತ್ತನೇ ಕ್ಲಾಸು ಪಾಸಾಗಿರಲೇಬೇಕು ಅಂತಿಲ್ಲ. ಎರಡು, ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಹತ್ತನೇ ಕ್ಲಾಸು ಹೊಸದಾಗಿ ಕಟ್ಟುವುದು. ಅಲ್ಲಿ ಐದು ವಿಷಯ ನಾವೇ ಆರಿಸಿಕೊಳ್ಳಬಹುದು, ಗಣಿತ ಬಿಟ್ಟೂ ಪಾಸಾಗಬಹುದು. ಮೂರು, ನಮ್ಮ ಮಂಡಳಿಯಲ್ಲೇ ಬಾಕಿ ಉಳಿದ ಎರಡು ವಿಷಯ ಬರೆಯುವುದು.

ನಾನು ಎರಡನೆಯದನ್ನು ಹೇಳಿದೆ. ಸುಲಭ ಅಂತ. ಅಮ್ಮ ಮೊದಲನೆಯದು ಅಂದರು, ಹೊಲಿಗೆ ಕಲಿತರೆ ಮನೆಯಲ್ಲೇ ಮಾಡಬಹುದು ಅಂತ. ಅವಳು ಎರಡಕ್ಕೂ ತಲೆ ಅಲ್ಲಾಡಿಸಿದಳು. "ಹೊಲಿಗಿ ಬ್ಯಾಡ್ರೀ. ಮತ್ತ ಮನ್ಯಾಗ ಕುಂದರಬೇಕಾಗತೈತಿ." ಅವಳ ಮನಸ್ಸಿನಲ್ಲಿದ್ದದ್ದು ಎಲೆಕ್ಟ್ರಾನಿಕ್ ಮೆಕ್ಯಾನಿಕ್. ಸೋದರಮಾವನ ಮೊಬೈಲ್ ಅಂಗಡಿಯಲ್ಲಿ ಬೋರ್ಡಿಗೆ ಸೋಲ್ಡರ್ ಮಾಡುವುದನ್ನು ಗಂಟೆಗಟ್ಟಲೆ ನೋಡಿದ್ದಳಂತೆ. ಆ ಟ್ರೇಡಿಗೆ ಹತ್ತನೇ ಕ್ಲಾಸಿನಲ್ಲಿ ವಿಜ್ಞಾನ, ಗಣಿತ ಎರಡೂ ಬೇಕು. ಗಣಿತ ಬಿಟ್ಟು ಪಾಸಾದರೆ ಆ ಬಾಗಿಲು ಮುಚ್ಚುತ್ತದೆ. ನಾನು ಸುಲಭ ಅಂದ ದಾರಿ ಅವಳಿಗೆ ಬೇಕಾದ ಕಡೆ ಹೋಗುತ್ತಲೇ ಇರಲಿಲ್ಲ. ನಿನಗೆ ಏನಾಗಬೇಕು ಅಂತ ಅವಳನ್ನು ಕೇಳಿದ್ದು ನಾನು ಎಲ್ಲಕ್ಕಿಂತ ಕೊನೆಗೆ. ಮೊದಲು ಕೇಳಬೇಕಿತ್ತು.

ಅಪ್ಪನ ಹತ್ತಿರ ಈ ಸಲ ಒಬ್ಬಳೇ ಹೋದೆ. ಓದಿನ ಮಹತ್ವ ಹೇಳಲಿಲ್ಲ. ಮೇ ತಿಂಗಳ ಫಲಿತಾಂಶ ಬರುವವರೆಗೆ ಮದುವೆ ಮಾತು ಬೇಡ ಕಾಕಾ, ಆಮೇಲೆ ನಿಮ್ಮಿಷ್ಟ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ. "ಪಾಸಾದಳಂತ ಇಟ್ಕೊಳ್ರೀ. ಹೊಳ್ಳಿ ಬರೂ ಬಸ್ ಎಷ್ಟಕ್ಕ ಐತ್ರೀ?" ಇಷ್ಟು ದಿನ ಅವರನ್ನು ಹೆಣ್ಣುಮಕ್ಕಳ ಓದಿಗೆ ವಿರೋಧ ಅಂತ ನಾವು ತಿಳಿದಿದ್ದೆವು. ಅವರಿಗಿದ್ದದ್ದು ಸಂಜೆ ಕತ್ತಲಾದ ಮೇಲೆ ಹೆದ್ದಾರಿಯಿಂದ ಊರಿಗೆ ಎರಡು ಕಿಲೋಮೀಟರ್ ನಡೆದು ಬರುವ ಮಗಳ ಚಿಂತೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಆಗಿದೆ, ಆಧಾರ್ ತೋರಿಸಿದರೆ ಶೂನ್ಯ ಮೊತ್ತದ ಟಿಕೆಟ್ ಹರಿದುಕೊಡುತ್ತಾರೆ. ದುಡ್ಡಿನ ತೊಂದರೆ ಅದರಿಂದ ನಿಜಕ್ಕೂ ನೀಗಿತು. ಹೊತ್ತಿನ ತೊಂದರೆ ಉಳಿಯಿತು.

ಮೈನಸ್ಸು, ಆವರಣ, ಗ್ರಾಫ್

ಹಳೇ ವಿದ್ಯಾರ್ಥಿಗಳು ಪರೀಕ್ಷೆ ಕಟ್ಟಬೇಕಾದರೆ ಓದಿದ ಶಾಲೆಯ ಮೂಲಕವೇ ಕಟ್ಟಬೇಕು. ಹೋದೆವು. ಗುಮಾಸ್ತರು "ಇಷ್ಟು ದಿನ ಎಲ್ಲಿದ್ದಿ?" ಅಂತ ಜೋರಾಗಿ ಕೇಳಿದರು. ಅವಳು ನನ್ನ ಸೆರಗು ಹಿಡಿದುಕೊಂಡಳು. ಒಬ್ಬಳೇ ಹೋಗಿದ್ದರೆ ಅಲ್ಲಿಂದಲೇ ವಾಪಸ್ ಬರುತ್ತಿದ್ದಳು, ಅದರಲ್ಲಿ ಅನುಮಾನವಿಲ್ಲ. ಫೀ ದೊಡ್ಡ ಮೊತ್ತವಲ್ಲ. ಆದರೆ ಆ ಒಂದು ಪ್ರಶ್ನೆ ದಾಟಲು ಜೊತೆಗೊಬ್ಬರು ಬೇಕು.

ನಮ್ಮೂರಲ್ಲಿ ನಿವೃತ್ತರಾದ ಗಣಿತ ಮೇಷ್ಟ್ರು ಒಬ್ಬರಿದ್ದಾರೆ. ವಾರಕ್ಕೆ ಎರಡು ದಿನ ಕೇಂದ್ರಕ್ಕೆ ಬರಲು ಒಪ್ಪಿದರು. ಶಾಲೆಗಳಲ್ಲಿ ಫೇಲಾಗುವ ಮಕ್ಕಳಿಗೆ ಪಾಸಿಂಗ್ ಪ್ಯಾಕೇಜ್ ಅಂತ ಕೊಡುತ್ತಾರೆ, ಖಂಡಿತ ಬರುವ ಪ್ರಶ್ನೆಗಳ ಪಟ್ಟಿ. ಅದನ್ನು ನಾನು ಜೆರಾಕ್ಸ್ ಮಾಡಿಸಿ ಇಟ್ಟಿದ್ದೆ. ಸರ್ ಅದನ್ನು ಪಕ್ಕಕ್ಕಿಟ್ಟು ಅವಳಿಗೆ ಏಳನೇ ಕ್ಲಾಸಿನ ಲೆಕ್ಕ ಕೊಟ್ಟರು. ಅರ್ಧ ಗಂಟೆಯಲ್ಲಿ ಗಂಟು ಸಿಕ್ಕಿತು. ಆವರಣದ ಮುಂದೆ ಮೈನಸ್ ಇದ್ದರೆ ಒಳಗಿನ ಚಿಹ್ನೆ ಬದಲಾಗುತ್ತದೆ ಅನ್ನುವುದು ಅವಳಿಗೆ ಗೊತ್ತಿರಲಿಲ್ಲ. ಅಷ್ಟೇ. ಅದೊಂದು ತಪ್ಪಿನಿಂದ ಹತ್ತನೇ ಕ್ಲಾಸಿನ ಬೀಜಗಣಿತವೆಲ್ಲ ತಪ್ಪುತ್ತಿತ್ತು, ಅವಳು ಮಾತ್ರ ನನಗೆ ಗಣಿತ ಬರುವುದಿಲ್ಲ ಅಂತ ತಿಳಿದುಕೊಂಡು ಕೂತಿದ್ದಳು. ಎರಡು ತಿಂಗಳು ಬರೀ ಅದನ್ನೇ ಮಾಡಿಸಿದರು. ಆಮೇಲೆ ಪ್ಯಾಕೇಜು ಕೈಗೆತ್ತಿಕೊಂಡರು. ಸಮಾಂತರ ಶ್ರೇಢಿ, ಸಂಖ್ಯಾಶಾಸ್ತ್ರ, ಥೇಲ್ಸ್ ಪ್ರಮೇಯ.

ಗ್ರಾಫಿನ ದಿನ ನನಗೆ ಚೆನ್ನಾಗಿ ನೆನಪಿದೆ. ಎರಡು ಸಮೀಕರಣ ಕೊಟ್ಟು, ಎರಡು ಗೆರೆ ಎಳೆದು, ಎಲ್ಲಿ ಸೇರುತ್ತವೆ ನೋಡಬೇಕು. ನಾಲ್ಕು ಅಂಕ. ಪೆನ್ಸಿಲ್ ಮೊನೆಯನ್ನು ನೆಲಕ್ಕೆ ಉಜ್ಜಿ ಚೂಪು ಮಾಡಿಕೊಂಡು, ಚುಕ್ಕೆಗಳನ್ನು ಮೊಗ್ಗು ಮುಟ್ಟಿದಷ್ಟೇ ಹಗುರವಾಗಿ ಇಟ್ಟಳು. ಸ್ಕೇಲ್ ಇಟ್ಟು ಗೆರೆ ಎಳೆದಳು. ಎರಡೂ ಗೆರೆ ಸರಿಯಾಗಿ ಒಂದು ಚೌಕದ ಮೂಲೆಯಲ್ಲಿ ಕೂಡಿದವು. ಆ ಬೆಲೆಗಳನ್ನು ಸಮೀಕರಣಕ್ಕೆ ಹಾಕಿ ತಾಳೆ ನೋಡಿದಳು, ಸರಿ ಬಂತು. ಸರ್‌ಗೆ ತೋರಿಸಲೂ ಇಲ್ಲ. ಇನ್ನೊಂದು ಹಾಳೆ ತೆಗೆದುಕೊಂಡು ಮುಂದಿನ ಲೆಕ್ಕ ಶುರು ಮಾಡಿದಳು.

2025ರ ಮಾರ್ಚ್-ಏಪ್ರಿಲ್‌ನಲ್ಲಿ ಪರೀಕ್ಷೆ-1, ಅಂದರೆ ವರ್ಷದ ಮೂರು ಅವಕಾಶಗಳಲ್ಲಿ ಮೊದಲನೆಯದು. ಇಂಗ್ಲಿಷ್ ಪಾಸು. ಗಣಿತದಲ್ಲಿ 80ಕ್ಕೆ 24. ಕನಿಷ್ಠ 28 ಬೇಕಿತ್ತು. ಮೇ 2ರಂದು ಫಲಿತಾಂಶ ಬಂದ ಮೇಲೆ ಎರಡು ದಿನ ಅವಳು ಕೇಂದ್ರಕ್ಕೆ ಬರಲಿಲ್ಲ, ನನಗೆ ಭಯವಾಯಿತು. ಆ ವರ್ಷ ರೆಗ್ಯುಲರ್ ಆಗಿ ಓದಿ ಬರೆದವರಲ್ಲೇ ಪಾಸಾದವರು ಶೇ. 66.14, ಮೂವರಲ್ಲಿ ಒಬ್ಬರು ಫೇಲು. ಅದನ್ನು ಪೇಪರಿನಲ್ಲಿ ತೋರಿಸಲು ಮನೆಗೆ ಹೋದೆ. ಹೋದರೆ ಅವಳು ಪ್ರಶ್ನೆಪತ್ರಿಕೆ ಮುಂದಿಟ್ಟುಕೊಂಡು ಎಲ್ಲೆಲ್ಲಿ ಎಷ್ಟು ಅಂಕ ಹೋಯಿತು ಅಂತ ಲೆಕ್ಕ ಹಾಕುತ್ತಿದ್ದಳು. ಪರೀಕ್ಷೆಯ ಕೋಣೆಯಲ್ಲಿ ಕ್ಯಾಮೆರಾ ಇತ್ತಲ್ಲ, ಅದನ್ನು ನೋಡಿ ಕೈ ನಡುಗಿ ಗ್ರಾಫಿನಲ್ಲಿ ಅಳತೆ ಬರೆಯುವುದನ್ನೇ ಮರೆತಿದ್ದಳು.

ಮೂರು ಪರೀಕ್ಷೆಯ ಪದ್ಧತಿ ಬಂದದ್ದು 2024ರಲ್ಲಿ. ಅದರ ಬಗ್ಗೆ ಟೀಕೆ ಬಹಳ ಇದೆ, ಮೇಷ್ಟ್ರುಗಳಿಗೆ ಬೇಸಿಗೆ ರಜೆಯೇ ಇಲ್ಲದಂತಾಯಿತು ಅನ್ನುವುದೂ ನಿಜ. ಆದರೆ ಈ ಹುಡುಗಿಗೆ ಅದು ಉಳಿಸಿದ್ದು ಒಂದು ಇಡೀ ವರ್ಷವನ್ನು. ಮೇ ಕೊನೆಯ ವಾರವೇ ಪರೀಕ್ಷೆ-2. ಅವತ್ತು ಅಪ್ಪನೇ ಬೈಕಿನಲ್ಲಿ ಬಿಟ್ಟು, ಮುಗಿಯುವವರೆಗೆ ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದರು. ಗಣಿತ 31. ಪಾಸು.

ಈಗ

ಐಟಿಐ ಅರ್ಜಿಯಲ್ಲಿ ಒಂದು ತೊಡಕು ಬಂತು. ಅಂಕಪಟ್ಟಿಯಲ್ಲಿ ಅವಳ ಹೆಸರಿಗೂ ಆಧಾರಿನಲ್ಲಿದ್ದ ಹೆಸರಿಗೂ ಒಂದಕ್ಷರ ವ್ಯತ್ಯಾಸ. ಬೇರೆಯವರ ಅರ್ಜಿಗಳಲ್ಲಿ ನೂರು ಸಲ ಹಿಡಿದ ತಪ್ಪು ಅವಳದ್ದರಲ್ಲೇ ಇತ್ತು. ಆಧಾರ್ ತಿದ್ದಿಸಲು ಮೂರು ಸಲ ತಾಲ್ಲೂಕಿಗೆ ಓಡಾಡಿದೆವು, ಮೊದಲ ಸುತ್ತಿನ ಸೀಟು ಕೈತಪ್ಪಿತು. ಉಳಿದ ಸೀಟುಗಳಿಗೆ ಕರೆದಾಗ ಎಲೆಕ್ಟ್ರಾನಿಕ್ ಮೆಕ್ಯಾನಿಕ್ ಸಿಕ್ಕಿತು. ಎರಡು ವರ್ಷದ ಟ್ರೇಡು. ಮುಗಿಯುವ ಹೊತ್ತಿಗೆ ಅವಳಿಗೆ ಇಪ್ಪತ್ತೊಂದು.

ಸೇರಿದ ಕೂಡಲೇ ಎಲ್ಲ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಐಟಿಐನಲ್ಲಿ ಪರೀಕ್ಷೆಗೆ ಕೂರಲು ಶೇ. 80 ಹಾಜರಿ ಬೇಕು. ಸೆಪ್ಟೆಂಬರ್‌ನಲ್ಲಿ ಅವಳದು 80ಕ್ಕಿಂತ ಕೆಳಗೆ ಇಳಿಯಿತು. ಕಾರಣ ಎರಡು. ಒಂದು, ಹತ್ತಿ ಕ್ರಾಸಿಂಗ್ ಸೀಜನ್, ಮನೆಗೆ ಆ ಕೂಲಿ ಬೇಕು. ಇನ್ನೊಂದು, ಬೆಳಗಿನ ಬಸ್ಸು ತುಂಬಿ ಬಂದರೆ ನಮ್ಮ ಸ್ಟಾಪಿನಲ್ಲಿ ನಿಲ್ಲಿಸುವುದಿಲ್ಲ. ಮೊದಲನೆಯದಕ್ಕೆ ಅಪ್ಪನ ಜೊತೆ ಕೂತು ಮಾತಾಡಿ, ಅವಳು ಸಂಜೆ ಬಂದು ಮೊಗ್ಗು ಬಿಡಿಸುವುದು, ಬೆಳಗಿನ ಪರಾಗದ ಕೆಲಸಕ್ಕೆ ಅಮ್ಮ ಹೋಗುವುದು ಅಂತ ಹಂಚಿಕೊಂಡಿದ್ದಾರೆ. ಅವಳಿಗೆ ದಣಿವು ಜಾಸ್ತಿ, ನನಗೆ ಅದು ಕಾಣುತ್ತದೆ. ಬೇರೆ ದಾರಿ ಸದ್ಯಕ್ಕೆ ಸಿಕ್ಕಿಲ್ಲ. ಬಸ್ಸಿನ ವಿಷಯಕ್ಕೆ ಸ್ಟಾಪಿನಲ್ಲಿ ಹತ್ತುವ ಹದಿನಾಲ್ಕು ಹುಡುಗಿಯರ ಸಹಿ ಹಾಕಿಸಿ ಮನವಿ ಕೊಟ್ಟಿದ್ದೇವೆ. ಮನವಿ ಬರೆದವಳು ಅವಳೇ.

ಹನ್ನೊಂದರಲ್ಲಿ ಉಳಿದ ಹತ್ತು ಜನರದ್ದು ಹೀಗಿದೆ. ನಾಲ್ವರಿಗೆ ಮದುವೆಯಾಗಿದೆ. ಇಬ್ಬರು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗಿದ್ದಾರೆ. ಒಬ್ಬಳು ಪಾಸಾಗಿ ಪಿಯುಸಿ ಸೇರಿದ್ದಾಳೆ. ಮೂವರು ಇನ್ನೂ ಮನೆಯಲ್ಲಿದ್ದಾರೆ. ಆ ಮೂವರಲ್ಲಿ ಇಬ್ಬರು ಈಗ ಶನಿವಾರ ಮಧ್ಯಾಹ್ನ ಅರ್ಜಿ ಬರೆಯಲು ಬರುತ್ತಿದ್ದಾರೆ. ಪರೀಕ್ಷೆಯ ಮಾತು ನಾನು ಇನ್ನೂ ಎತ್ತಿಲ್ಲ.